ಬೀಳಗಿಯ ಕೋಗಿಲೆ ಅಮೀರಬಾಯಿ



ಹಾಡು ಯಾರಿಗೆ ಬೇಡ ಹೇಳಿ? ಕಳೆ ತೆಗೆಯುವಾಗ ನಾವು ಹಾಡುತ್ತೇವೆ. ಮದುವೆ ಮನೆಯಲ್ಲಿ ಸೋಬಾನ ಹಾಡುತ್ತೇವೆ. ತೊಟ್ಟಿಲು ತೂಗುವಾಗ ಜೋಗುಳ ಹಾಡುತ್ತೇವೆ. ಬೀಸುವ ಕಲ್ಲು ಮೂಲೆ ಸೇರಿತು, ಗಿರಣಿ ಬಂತು. ಆದರೂ ಬೀಸುವ ಪದ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ.

ಸಿನಿಮಾ ಹಾಡನ್ನೂ ನಾವು ಕೇಳುತ್ತೇವೆ. ಲತಾ ಮಂಗೇಶ್ಕರ್ ಅವರ ಹೆಸರು ಕೇಳದವರು ಕಡಿಮೆ. ಲತಾ ಅವರಿಗಿಂತ ಮೊದಲು ಸಿನಿಮಾದಲ್ಲಿ ಹಾಡುವವರು ಇರಲಿಲ್ಲವೇ? ಇದ್ದರು. ಅವರಲ್ಲಿ ಒಬ್ಬರ ದನಿ ಲಾಹೋರಿನಿಂದ ಕಲಕತ್ತೆಯವರೆಗೂ ಕೇಳುತ್ತಿತ್ತು. ಆ ಹೆಣ್ಣುಮಗಳು ಎಲ್ಲಿಯವರು ಗೊತ್ತೇ? ನಮ್ಮ ಸೀಮೆಯವರೇ. ನಮ್ಮ ಹಾಗೇ ಕನ್ನಡ ಮಾತಾಡಿ ಬೆಳೆದವರು. ಅವರ ಹೆಸರು ಅಮೀರಬಾಯಿ ಕರ್ನಾಟಕಿ.

ಅವರು ಯಾರು? ಅವರ ದನಿ ಅಷ್ಟು ದೂರ ಹೋದದ್ದು ಹೇಗೆ? ತಿಳಿಯೋಣ.

ಹುಟ್ಟಿದ ಊರು

ಅಮೀರಬಾಯಿ ಹುಟ್ಟಿದ್ದು ಬೀಳಗಿಯಲ್ಲಿ. ಇದು ನೂರು ವರ್ಷಕ್ಕೂ ಹಿಂದಿನ ಮಾತು. ಮುದ್ದೇಬಿಹಾಳದಿಂದ ಬೀಳಗಿ ಬಹಳ ದೂರವೇನಲ್ಲ. ಕೃಷ್ಣಾ ಹೊಳೆಯ ಈ ದಂಡೆಗೆ ನಾವು, ಆ ದಂಡೆಗೆ ಬೀಳಗಿ. ಈಗ ಬೀಳಗಿ ಬಾಗಲಕೋಟೆ ಜಿಲ್ಲೆಗೆ ಸೇರಿದೆ. 1997ಕ್ಕಿಂತ ಮೊದಲು ಅದೂ ನಮ್ಮ ವಿಜಾಪುರ ಜಿಲ್ಲೆಯಲ್ಲೇ ಇತ್ತು.

ಅವರದು ಹಾಡು, ನಾಟಕದ ನಂಟಿದ್ದ ಮನೆ. ಐದು ಜನ ಅಕ್ಕತಂಗಿಯರು. ಅವರಲ್ಲಿ ಇಬ್ಬರು ದೊಡ್ಡ ಹೆಸರು ಮಾಡಿದರು. ಒಬ್ಬರು ಅಮೀರಬಾಯಿ. ಇನ್ನೊಬ್ಬರು ಅಕ್ಕ ಗೋಹರಬಾಯಿ.

'ಕರ್ನಾಟಕಿ' ಎಂದು ಏಕೆ ಕರೆದರು? ಆಗ ವಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಕಚೇರಿಯ ದೊಡ್ಡ ಕೆಲಸಕ್ಕೂ ಮುಂಬೈ, ದುಡಿಮೆಗೂ ಮುಂಬೈ. ಕನ್ನಡ ಸೀಮೆಯಿಂದ ಹೋದ ಹಾಡುಗಾರರನ್ನು ಅಲ್ಲಿಯ ಜನ 'ಕರ್ನಾಟಕಿ' ಎಂದು ಗುರುತು ಹಿಡಿಯುತ್ತಿದ್ದರು. ಕರ್ನಾಟಕ ಎಂಬ ಹೆಸರು ನಮ್ಮ ರಾಜ್ಯಕ್ಕೆ ಬಂದದ್ದು 1973ರಲ್ಲಿ. ಅದಕ್ಕೂ ಬಹಳ ಮೊದಲೇ ಈ ಅಕ್ಕತಂಗಿಯರು ಆ ಹೆಸರನ್ನು ತಮ್ಮ ಹೆಸರಿಗೆ ಹಚ್ಚಿಕೊಂಡು ದೇಶಕ್ಕೆಲ್ಲ ಹೇಳಿದ್ದರು. ಜನ ಅಮೀರಬಾಯಿಯವರನ್ನು 'ಕನ್ನಡ ಕೋಗಿಲೆ' ಎಂದೂ ಕರೆದರು.

ಹಾಡುವ ಹೆಣ್ಣಿಗೆ ಆಗ ಮರ್ಯಾದೆ ಇತ್ತೇ?

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ಮನೆಯೊಳಗೆ ಹಾಡಿದರೆ ಹೆಣ್ಣುಮಗಳನ್ನು ಜನ ಹೊಗಳುತ್ತಿದ್ದರು. ಅದೇ ಹೆಣ್ಣುಮಗಳು ನಾಟಕದ ಅಟ್ಟ ಹತ್ತಿ ಹಾಡಿದರೆ? ಮೂಗು ಮುರಿಯುತ್ತಿದ್ದರು. ಹಾಡು ಬೇಕು, ಹಾಡಿದವಳು ಬೇಡ. ಆಟ ನೋಡಲು ಹತ್ತು ಹರದಾರಿ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಆಟ ಮುಗಿದ ಮೇಲೆ ಆಡಿದವಳ ಬಗ್ಗೆ ಕೆಟ್ಟ ಮಾತಾಡುತ್ತಿದ್ದರು.

ಅದಕ್ಕೇ ಎಷ್ಟೋ ಕಂಪನಿ ನಾಟಕಗಳಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವ ಎಂಬ ದೊಡ್ಡ ನಟ ಇದ್ದರು. ಅವರು ಸೀರೆ ಉಟ್ಟು ಬಂದರೆ ಹೆಂಗಸರೇ ಬೆರಗಾಗುತ್ತಿದ್ದರು. ಅವರು ಉಟ್ಟ ಸೀರೆಯ ಹಾಗೆ ತಾವೂ ಉಡುತ್ತಿದ್ದರು! ಮುಂದೆ ಅದೇ ಬಾಲಗಂಧರ್ವರ ಕಂಪನಿಯಲ್ಲಿ ಹೆಣ್ಣಿನ ಪಾತ್ರಗಳನ್ನು ಮಾಡಿದವರು ಬೀಳಗಿಯ ಗೋಹರಬಾಯಿ. ಹೆಣ್ಣಿನ ಪಾತ್ರ ಹೆಣ್ಣಿಗೆ ಸಿಕ್ಕಿತು. ಇದಕ್ಕೂ ಜನ ಎಷ್ಟೋ ಮಾತಾಡಿದರು. ಗೋಹರಬಾಯಿ ಬಾಲಗಂಧರ್ವರ ಬಾಳಿನ ಜೊತೆಗಾತಿಯೂ ಆದರು.

ಇಂಥ ಕಾಲದಲ್ಲಿ ಹದಿಹರೆಯದ ಹುಡುಗಿ ಅಮೀರಬಾಯಿ ಬೀಳಗಿ ಬಿಟ್ಟು ಮುಂಬೈ ಸೇರಿದರು. ವಿಜಾಪುರದಿಂದ ಸೊಲ್ಲಾಪುರದ ಕಡೆಗೆ ಸಣ್ಣ ಹಳಿಯ ರೈಲು. ಅಲ್ಲಿಂದ ಮುಂದೆ ದೊಡ್ಡ ಹಳಿಯ ರೈಲು. ನಮ್ಮ ಕಡೆಯ ಜನರಿಗೆ ಮುಂಬೈ ದಾರಿ ಅದೇ ಆಗಿತ್ತು.

ಮೊದಲು ತಟ್ಟೆಯಲ್ಲಿ ದನಿ

ಆಗ ಮನೆಮನೆಗೆ ರೇಡಿಯೋ ಇರಲಿಲ್ಲ. ಟಿ.ವಿ. ಅಂತೂ ಇಲ್ಲವೇ ಇಲ್ಲ. ಉಳ್ಳವರ ಮನೆಯಲ್ಲಿ, ಪೇಟೆಯ ಹೋಟೆಲ್ಲಿನಲ್ಲಿ ಗ್ರಾಮಾಫೋನ್ ಇರುತ್ತಿತ್ತು. ಕೀಲಿ ಕೊಟ್ಟರೆ ತಟ್ಟೆ ತಿರುಗುತ್ತದೆ. ತಟ್ಟೆಯ ಮೇಲೆ ಮುಳ್ಳು ಇಟ್ಟರೆ ಹಾಡು ಬರುತ್ತದೆ.

ಅದು ಹೇಗೆ? ತಟ್ಟೆಯ ಮೇಲೆ ಸಣ್ಣ ಸಣ್ಣ ಗೆರೆಗಳಿರುತ್ತವೆ. ಹೊಲದಲ್ಲಿ ಕುಂಟೆ ಹೊಡೆದ ಸಾಲಿನ ಹಾಗೆ. ಹಾಡುವವರ ದನಿಯಿಂದ ಗಾಳಿ ನಡುಗುತ್ತದೆ. ಆ ನಡುಕವೇ ಗೆರೆಯಲ್ಲಿ ಡೊಂಕಾಗಿ ಮೂಡಿರುತ್ತದೆ. ಮುಳ್ಳು ಆ ಡೊಂಕಿನಲ್ಲಿ ಓಡಿದಾಗ ತಾನೂ ನಡುಗುತ್ತದೆ. ಆ ನಡುಕ ಮತ್ತೆ ದನಿಯಾಗಿ ಹೊರಗೆ ಬರುತ್ತದೆ.

ಈ ತಟ್ಟೆಯನ್ನು ಅರಗು ಬೆರೆಸಿ ಮಾಡುತ್ತಿದ್ದರು. ನಮ್ಮ ಹಿರಿಯರು ಅರಗಿನ ಬಳೆ ತೊಡುತ್ತಿದ್ದರಲ್ಲ, ಅದೇ ಅರಗು. ಕೈ ಜಾರಿ ಬಿದ್ದರೆ ತಟ್ಟೆ ಒಡೆದು ಚೂರಾಗುತ್ತಿತ್ತು. ಅದು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಸಿನಿಮಾ ಹಾಡುಗಳು ಮೂರು ನಿಮಿಷದ ಸುಮಾರಿಗೆ ಮುಗಿಯುವ ರೂಢಿ ಬೆಳೆದದ್ದು ಹೀಗೇ.

ಮುಂಬೈಯಲ್ಲಿ ಎಚ್.ಎಂ.ವಿ. ಎಂಬ ತಟ್ಟೆ ಕಂಪನಿಯವರು ಅಮೀರಬಾಯಿಯವರ ದನಿ ಕೇಳಿ ಮೆಚ್ಚಿದರು. ಕಹಳೆಯ ಮುಂದೆ ನಾಯಿ ಕುಳಿತ ಚಿತ್ರ ಈ ಕಂಪನಿಯ ಗುರುತು. ಅವರು ಅಮೀರಬಾಯಿಯವರಿಂದ ಒಂದು ಕವ್ವಾಲಿ ಹಾಡಿಸಿದರು. ಅದು ಜನಕ್ಕೆ ಬಹಳ ಹಿಡಿಸಿತು. ದನಿಗೆ ರೆಕ್ಕೆ ಬಂದಿತು.

ಸಿನಿಮಾಕ್ಕೆ ಮಾತು ಬಂತು

ಮೊದಮೊದಲು ಸಿನಿಮಾ ಮೂಕಿಯಾಗಿತ್ತು. 1931ರಲ್ಲಿ 'ಆಲಂ ಆರಾ' ಬಂತು. ನಮ್ಮ ದೇಶದ ಮೊದಲ ಮಾತಿನ ಚಿತ್ರ ಅದು. ಕನ್ನಡದಲ್ಲಿ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ. ಸಿನಿಮಾಕ್ಕೆ ಮಾತು ಬಂದದ್ದೇ ತಡ, ಹಾಡೂ ಬಂತು. ಹಾಡಲು ಬರುವ ನಟಿಯರು ಬೇಕಾದರು.

1934ರಲ್ಲಿ ಅಕ್ಕ ಗೋಹರಬಾಯಿ ತಂಗಿಗೆ ಒಂದು ಪಾತ್ರ ಕೊಡಿಸಿದರು. ಆ ಚಿತ್ರದ ಹೆಸರು 'ವಿಷ್ಣು ಭಕ್ತಿ'. ಹೀಗೆ ಅಮೀರಬಾಯಿ ನಟಿಯಾದರು. ಪಾತ್ರ ಮಾಡುವುದೂ ಅವರೇ, ಹಾಡುವುದೂ ಅವರೇ.

ಕೂಡಲೇ ಹೆಸರು ಬಂತೇ? ಇಲ್ಲ. ಸುಮಾರು ಒಂಬತ್ತು ವರ್ಷ ಅವರು ದುಡಿದರು. ಒಂದೊಂದು ಚಿತ್ರ, ಒಂದೊಂದು ಹಾಡು. 1940ರಲ್ಲಿ 'ನರಸಿ ಭಗತ್' ಚಿತ್ರ ಬಂತು. ಗಾಂಧೀಜಿಯವರಿಗೆ ಬಹಳ ಪ್ರಿಯವಾಗಿದ್ದ 'ವೈಷ್ಣವ ಜನ ತೋ' ಭಜನೆಯನ್ನು ಅದರಲ್ಲಿ ಅಮೀರಬಾಯಿ ಹಾಡಿದರು. ನೋಡಿ, ಆ ಭಜನೆ ಗುಜರಾತಿ ಭಾಷೆಯದು. ಬರೆದವರು ನರಸಿ ಮೆಹತಾ ಎಂಬ ವೈಷ್ಣವ ಭಕ್ತರು. ಹಾಡಿದವರು ಬೀಳಗಿಯ ಮುಸ್ಲಿಂ ಹೆಣ್ಣುಮಗಳು. ಕೇಳಿ ಕೈ ಮುಗಿದವರು ಎಲ್ಲ ಜಾತಿಯವರು. ಹಾಡಿಗೆ ಯಾವ ಜಾತಿ?

ಪರದೆಯ ಹಿಂದಿನ ದನಿ

ಇಷ್ಟರಲ್ಲಿ ಸಿನಿಮಾದಲ್ಲಿ ಒಂದು ಹೊಸ ಪದ್ಧತಿ ಬಂದಿತ್ತು. ಹಾಡುವವರು ಬೇರೆ, ಪಾತ್ರ ಮಾಡುವವರು ಬೇರೆ. ಇದಕ್ಕೆ ಹಿನ್ನೆಲೆ ಗಾಯನ ಎನ್ನುತ್ತಾರೆ. 1935ರ ಸುಮಾರಿಗೆ ಕಲಕತ್ತೆಯಲ್ಲಿ ಇದು ಶುರುವಾಯಿತು.

ನಮ್ಮ ತೊಗಲು ಗೊಂಬೆ ಆಟ ನೆನೆಸಿಕೊಳ್ಳಿ. ಪರದೆಯ ಮೇಲೆ ಸೀತೆ ಕುಣಿಯುತ್ತಾಳೆ. ಪರದೆಯ ಹಿಂದೆ ಕುಳಿತವರು ಹಾಡುತ್ತಾರೆ. ಸೀತೆಯೇ ಹಾಡಿದಳು ಎಂದು ನಮಗೆ ಅನಿಸುತ್ತದೆ. ಸಿನಿಮಾದಲ್ಲೂ ಹಾಗೇ. ಮೊದಲು ಹಾಡನ್ನು ಹಾಡಿಸಿ ಹಿಡಿದಿಡುತ್ತಾರೆ. ಆಮೇಲೆ ಅದನ್ನು ದೊಡ್ಡದಾಗಿ ಹಚ್ಚುತ್ತಾರೆ. ನಟಿ ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಾಳೆ. ಕ್ಯಾಮರಾ ಅದನ್ನು ಹಿಡಿಯುತ್ತದೆ.

ಇದರಿಂದ ಒಳ್ಳೆಯದೂ ಆಯಿತು. ದನಿ ಇದ್ದವರಿಗೆ ರೂಪದ ಹಂಗು ತಪ್ಪಿತು. ಒಂದು ತೊಡಕೂ ಆಯಿತು. ಜನ ನಟಿಯ ಮುಖ ನೋಡುತ್ತಾರೆ. ಹಾಡಿದವಳ ಮುಖ ಕಾಣುವುದಿಲ್ಲ. ಹೆಸರನ್ನಾದರೂ ಹೇಳದಿದ್ದರೆ ಅವಳು ಯಾರೆಂದು ತಿಳಿಯುವುದು ಹೇಗೆ?

'ಕಿಸ್ಮತ್' ತಂದ ಹೆಸರು

1943ರಲ್ಲಿ ಬಾಂಬೆ ಟಾಕೀಸ್ ಕಂಪನಿಯ 'ಕಿಸ್ಮತ್' ಚಿತ್ರ ಬಂತು. ಕಿಸ್ಮತ್ ಅಂದರೆ ಹಣೆಬರಹ. ನಾಯಕ ಅಶೋಕ್ ಕುಮಾರ್, ನಾಯಕಿ ಮುಮ್ತಾಜ್ ಶಾಂತಿ. ಸಂಗೀತ ಅನಿಲ್ ಬಿಸ್ವಾಸ್ ಅವರದು. ಹಾಡು ಬರೆದವರು ಕವಿ ಪ್ರದೀಪ್. ಕಥೆಯಲ್ಲಿ ನಾಯಕಿಗೆ ಒಂದು ಕಾಲು ಊನ. ಅವಳು ನಾಟಕದ ಅಟ್ಟದ ಮೇಲೆ ಹಾಡಿ ಹೊಟ್ಟೆ ಹೊರೆಯುತ್ತಾಳೆ. ಆ ನಾಯಕಿಗೆ ದನಿ ಕೊಟ್ಟವರು ಅಮೀರಬಾಯಿ.

ಅದು ಎಂಥ ಕಾಲ? ಹಿಂದಿನ ವರ್ಷ, 1942ರ ಆಗಸ್ಟಿನಲ್ಲಿ, ಗಾಂಧೀಜಿಯವರು ಇಂಗ್ಲಿಷರಿಗೆ 'ಭಾರತ ಬಿಟ್ಟು ತೊಲಗಿ' ಎಂದಿದ್ದರು. ಸಾವಿರಾರು ಜನ ಜೈಲಿನಲ್ಲಿದ್ದರು. ಇನ್ನೊಂದು ಕಡೆ ಎರಡನೆಯ ಮಹಾಯುದ್ಧ ನಡೆದಿತ್ತು. ಇಂಗ್ಲಿಷರು ಜರ್ಮನಿ, ಜಪಾನುಗಳ ಮೇಲೆ ಕಾದುತ್ತಿದ್ದರು.

'ಕಿಸ್ಮತ್'ನಲ್ಲಿ ಒಂದು ಹಾಡು ಇತ್ತು. ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ್ದು. ನಮ್ಮ ನಾಡಿನಿಂದ ಹೊರಗಿನವರು ದೂರ ಇರಬೇಕು ಎಂಬುದು ಅದರ ಅರ್ಥ. ಇಂಥ ಹಾಡನ್ನು ಇಂಗ್ಲಿಷ್ ಸರ್ಕಾರ ಬಿಟ್ಟದ್ದು ಹೇಗೆ? ಕವಿ ಜಾಣರು. ಹಾಡಿನಲ್ಲಿ ಜರ್ಮನಿ, ಜಪಾನ್ ಹೆಸರು ಸೇರಿಸಿದ್ದರು. ಇದು ನಮ್ಮ ವೈರಿಗಳ ಮೇಲಿನ ಹಾಡು ಎಂದು ಅಧಿಕಾರಿಗಳು ಸುಮ್ಮನಾದರು. ಆದರೆ ಕೇಳಿದ ಜನಕ್ಕೆ ಗೊತ್ತಿತ್ತು, ತೊಲಗಬೇಕಾದವರು ಯಾರು ಅಂತ!

ಥಿಯೇಟರಿನಲ್ಲಿ ಜನ ಚಪ್ಪಾಳೆ ತಟ್ಟಿ 'ಮತ್ತೊಮ್ಮೆ, ಮತ್ತೊಮ್ಮೆ' ಎಂದು ಕೂಗುತ್ತಿದ್ದರು. ರೀಲನ್ನು ಹಿಂದೆ ಸುತ್ತಿ ಅದೇ ಹಾಡನ್ನು ಮತ್ತೆ ತೋರಿಸುತ್ತಿದ್ದರು. ಕಲಕತ್ತೆಯ ರಾಕ್ಸಿ ಥಿಯೇಟರಿನಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಮೇಲೆ ಓಡಿತು.

ಅದೇ ಚಿತ್ರದಲ್ಲಿ ಒಂದು ಜೋಗುಳದಂಥ ಹಾಡೂ ಇದೆ. ಮಲಗಿದವರಿಗೆ ಎಚ್ಚರವಾದೀತು, ಮೆಲ್ಲಗೆ ಬಾ ಎಂದು ಮೋಡವನ್ನು ಬೇಡುವ ಹಾಡು. ಅಮೀರಬಾಯಿ ಅದನ್ನು ಬಹಳ ಮೆತ್ತಗೆ ಹಾಡಿದ್ದಾರೆ. ಒಂದೇ ಕಂಠ. ಒಂದು ಹಾಡಿನಲ್ಲಿ ಗುಡುಗು, ಇನ್ನೊಂದರಲ್ಲಿ ತಂಗಾಳಿ. ಅಮೀರಬಾಯಿಯವರ ಹೆಸರು ದೇಶಕ್ಕೆಲ್ಲ ಹಬ್ಬಿತು.

ಮುಂದೆ ಕೆಲಸಕ್ಕೆ ಬಿಡುವೇ ಇರಲಿಲ್ಲ. 1944ರ 'ರತನ್' ಚಿತ್ರದಲ್ಲಿ ನೌಷಾದ್ ಅವರ ಸಂಗೀತಕ್ಕೆ ಹಾಡಿದರು. 1946ರಲ್ಲಿ 'ರಾಣಕದೇವಿ' ಎಂಬ ಗುಜರಾತಿ ಚಿತ್ರಕ್ಕೆ ಹಾಡಿದರು. ಗುಜರಾತಿನ ಜನ ಅವರನ್ನು ತಮ್ಮ ಮನೆಮಗಳೆಂದೇ ತಿಳಿದರು. 1947ರ 'ಶೆಹನಾಯಿ'ಯಲ್ಲಿ ಸಿ. ರಾಮಚಂದ್ರ ಅವರ ಸಂಗೀತಕ್ಕೆ ಹಾಡಿದರು. 1948ರಲ್ಲಿ 'ಶಹನಾಜ್' ಎಂಬ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟರು. ಆಗ ಹೆಂಗಸರು ಹಾಡುವುದು ಉಂಟು, ಆದರೆ ಹಾಡು ಕೂಡಿಸುವ ಕೆಲಸ ಗಂಡಸರದೇ ಎಂಬ ರೂಢಿ. ಆ ಕೆಲಸ ಮಾಡಿದ ಹೆಂಗಸರು ಬೆರಳೆಣಿಕೆಯಷ್ಟು. ಅವರಲ್ಲಿ ಅಮೀರಬಾಯಿ ಒಬ್ಬರು.

ತಟ್ಟೆಯ ಮೇಲೆ ಯಾರ ಹೆಸರು?

ಇಲ್ಲಿ ಒಂದು ಮಾತು ಗಮನಿಸಿ. ಓದು ಬರಹ ಕಲಿತ ನಮಗೆ ಇದು ಬೇಕಾದ ಮಾತು.

ಗ್ರಾಮಾಫೋನ್ ತಟ್ಟೆಯ ನಡುವೆ ದುಂಡನೆಯ ಕಾಗದ ಅಂಟಿಸಿರುತ್ತಾರೆ. ಅದರ ಮೇಲೆ ಹಾಡಿನ ಹೆಸರು, ಹಾಡಿದವರ ಹೆಸರು ಇರುತ್ತದೆ. ಆದರೆ ಎಲ್ಲ ತಟ್ಟೆಗಳಲ್ಲೂ ಹೀಗೆ ಇರಲಿಲ್ಲ. ಹಾಡಿದವಳ ಹೆಸರು ಬಿಟ್ಟು, ಕಥೆಯ ಪಾತ್ರದ ಹೆಸರನ್ನು ಅಚ್ಚು ಹಾಕುತ್ತಿದ್ದುದೂ ಉಂಟು. 1949ರಲ್ಲಿ 'ಮಹಲ್' ಚಿತ್ರ ಬಂತು. ಅದರಲ್ಲಿ ಲತಾ ಮಂಗೇಶ್ಕರ್ ಹಾಡಿದ ಒಂದು ಹಾಡು ಮನೆಮಾತಾಯಿತು. ಆದರೆ ತಟ್ಟೆಯ ಮೇಲೆ ಇದ್ದ ಹೆಸರು 'ಕಾಮಿನಿ'! ಅದು ಕಥೆಯಲ್ಲಿ ಬರುವ ಹುಡುಗಿಯ ಹೆಸರು. ಹಾಡಿದವರು ಯಾರು ಎಂದು ಜನ ಕೇಳತೊಡಗಿದರು. ಆಮೇಲೆ ಲತಾ ಅವರ ಹೆಸರು ಹೊರಗೆ ಬಂತು.

ನಮ್ಮ ಧಾರವಾಡದ ಮಗಳು ಗಂಗೂಬಾಯಿ ಹಾನಗಲ್ ಅವರಿಗೂ ಹೀಗೇ ಆಯಿತು. ಅವರ ಮೊದಲ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದವು. ಮುಂದೆ ಅವರು ಗಂಗೂಬಾಯಿ ಎಂಬ ಹೆಸರಿನಿಂದ ಲೋಕಕ್ಕೆ ಗೊತ್ತಾದರು.

ದುಡಿಮೆ ನಮ್ಮದು. ಹೆಸರು ಇನ್ನೊಬ್ಬರದು. ಇದು ಹಾಡುವವರ ಕಷ್ಟ ಮಾತ್ರವೇ? ಹೊಲದಲ್ಲಿ ದುಡಿಯುವವರು ನಾವು. ಉತಾರದಲ್ಲಿ ಯಾರ ಹೆಸರಿದೆ? ಕೂಲಿ ಮಾಡಿದವರು ನಾವು. ಹಾಜರಿ ಪುಸ್ತಕದಲ್ಲಿ ಎಷ್ಟು ದಿನ ಬರೆದಿದ್ದಾರೆ? ಓದಲು ಬಂದರೆ ನಾವೇ ನೋಡಬಹುದು, ಕೇಳಬಹುದು. ಹೆಬ್ಬೆಟ್ಟು ಒತ್ತುತ್ತಿದ್ದಾಗ ಇದು ಆಗುತ್ತಿರಲಿಲ್ಲ.

ಮನೆಯೊಳಗಿನ ಬಾಳು

ಹೊರಗೆ ಹೆಸರು ಬಂತು. ಒಳಗೆ ಸುಖ ಇತ್ತೇ? ಅಮೀರಬಾಯಿ ಹಿಮಾಲಯವಾಲಾ ಎಂಬ ನಟನನ್ನು ಮದುವೆಯಾದರು. ಅವರು ಸಿನಿಮಾದಲ್ಲಿ ಕೆಟ್ಟವನ ಪಾತ್ರ ಮಾಡಿ ಹೆಸರಾದವರು. ಆ ಸಂಸಾರ ಅಮೀರಬಾಯಿಯವರಿಗೆ ಸುಖ ತರಲಿಲ್ಲ. ಅದು ಮುರಿಯಿತು. ದೇಶ ಎರಡಾದ ಮೇಲೆ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋದರು.

ಸಂಸಾರ ಮುರಿದರೆ ಹೆಣ್ಣಿನ ಬಾಳೇ ಮುಗಿಯಿತು ಎನ್ನುತ್ತಿದ್ದ ಕಾಲ ಅದು. ಅಮೀರಬಾಯಿ ಹಾಡುವುದನ್ನು ಬಿಡಲಿಲ್ಲ. ಅವರ ಅನ್ನ ಅವರ ಕಂಠದಲ್ಲಿತ್ತು. ಮುಂದೆ ಅವರು ಬದ್ರಿ ಕಾಂಚವಾಲಾ ಎಂಬ ಪತ್ರಿಕೆಯ ಸಂಪಾದಕರನ್ನು ಮದುವೆಯಾದರು.

ಹೊಸ ದನಿ ಬಂತು

1947ರ ಹೊತ್ತಿಗೆ ಅಮೀರಬಾಯಿ ಏರಿದ ಎತ್ತರ ದೊಡ್ಡದು. ಆಮೇಲೆ ಕಾಲ ಬದಲಾಯಿತು.

ಮೊದಲು ನಾಟಕದಲ್ಲಿ ಮೈಕ್ ಇರಲಿಲ್ಲ. ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕೇಳುವಂತೆ ತುಂಬು ಕಂಠದಲ್ಲಿ ಹಾಡಬೇಕಿತ್ತು. ಅಮೀರಬಾಯಿ, ಜೋಹರಾಬಾಯಿ, ಶಂಶಾದ್ ಬೇಗಂ ಇವರದೆಲ್ಲ ಅಂಥ ತುಂಬು ದನಿ. ಮುಂದೆ ಒಳ್ಳೆಯ ಮೈಕುಗಳು ಬಂದವು. ಪಿಸುಮಾತಿನಂತೆ ಹಾಡಿದರೂ ಕೇಳತೊಡಗಿತು. ತೆಳುವಾದ, ನಯವಾದ ದನಿ ಜನಕ್ಕೆ ಹಿಡಿಸಿತು. ಆಗಲೇ ಲತಾ ಮಂಗೇಶ್ಕರ್ ಬಂದದ್ದು. ಸಂಗೀತ ಕೂಡಿಸುವವರೆಲ್ಲ ಲತಾ ಅವರ ಕಡೆ ಹೊರಳಿದರು.

1950ರಲ್ಲಿ 'ಸಮಾಧಿ' ಎಂಬ ಚಿತ್ರ ಬಂತು. ಅದರಲ್ಲಿ 'ಗೋರೆ ಗೋರೆ' ಎಂದು ಶುರುವಾಗುವ ಹಾಡನ್ನು ಇಬ್ಬರು ಕೂಡಿ ಹಾಡಿದ್ದಾರೆ. ಒಬ್ಬರು ಲತಾ, ಇನ್ನೊಬ್ಬರು ಅಮೀರಬಾಯಿ. ಒಂದು ಹೊಸ ದನಿ, ಒಂದು ಹಳೆ ದನಿ. ಕೇಳಿದರೆ ಇಬ್ಬರೂ ನಗುನಗುತ್ತ ಹಾಡಿದಂತಿದೆ. ಇಂದಿಗೂ ಆ ಹಾಡು ಮದುವೆ ಮೆರವಣಿಗೆಯಲ್ಲಿ ಕೇಳಿ ಬರುತ್ತದೆ. ಅದರಲ್ಲಿ ಬೀಳಗಿಯ ದನಿ ಇದೆ ಎಂದು ಎಷ್ಟು ಜನಕ್ಕೆ ಗೊತ್ತು?

ಹಾಡಿನ ಅವಕಾಶ ಕಡಿಮೆಯಾದಾಗ ಅಮೀರಬಾಯಿ ಮನೆಯಲ್ಲಿ ಸುಮ್ಮನೆ ಕೂಡಲಿಲ್ಲ. ಮತ್ತೆ ನಟನೆಗೆ ಬಂದರು. ತಾಯಿ, ಅತ್ತೆಯಂಥ ಪಾತ್ರಗಳನ್ನು ಮಾಡಿದರು. ನಟಿಯಾಗಿ ಶುರು ಮಾಡಿದವರು ನಟಿಯಾಗಿಯೇ ದುಡಿದು ಉಂಡರು.

ವಿಜಾಪುರದ ಅಮೀರ ಟಾಕೀಸು

ದೊಡ್ಡ ಪಟ್ಟಣದಲ್ಲಿ ಗಳಿಸಿದವರು ಹುಟ್ಟಿದ ಸೀಮೆ ಮರೆಯುತ್ತಾರೆ ಎನ್ನುವ ಮಾತಿದೆ. ಅಮೀರಬಾಯಿ ಮರೆಯಲಿಲ್ಲ. ಅವರ ಮನೆತನದ ಸಿನಿಮಾ ಥಿಯೇಟರು ವಿಜಾಪುರದಲ್ಲಿ ತಲೆ ಎತ್ತಿತು. ಅದೇ ಅಮೀರ ಟಾಕೀಸು. ವಿಜಾಪುರದ ಹಳಬರನ್ನು ಕೇಳಿ, ಅಮೀರ ಟಾಕೀಸು ಎಂದರೆ ಸಾಕು, ದಾರಿ ಹೇಳುತ್ತಾರೆ.

ಥಿಯೇಟರಿನ ಹೆಸರು ಓದಿದವರು ಬಹಳ. ಅಮೀರ ಎಂದರೆ ಒಬ್ಬ ಹೆಣ್ಣುಮಗಳು, ಅವಳು ಬೀಳಗಿಯವಳು, ದೇಶಕ್ಕೆಲ್ಲ ಹಾಡಿದವಳು ಎಂದು ತಿಳಿದವರು ಕಡಿಮೆ.

ಕೊನೆಗೆ ಅಮೀರಬಾಯಿಯವರಿಗೆ ಲಕ್ವಾ ಹೊಡೆಯಿತು. 1965ರ ಮಾರ್ಚ್ 3ರಂದು ಅವರು ತೀರಿಕೊಂಡರು. ವಿಜಾಪುರದ ಮಣ್ಣಿನಲ್ಲೇ ಅವರನ್ನು ಮಣ್ಣು ಮಾಡಿದರು.

ಬಹಳ ವರ್ಷ ನಾವು ಅವರನ್ನು ಮರೆತಿದ್ದೆವು. ಆಮೇಲೆ ಲೇಖಕ ರಹಮತ್ ತರೀಕೆರೆಯವರು ಊರೂರು ತಿರುಗಿ, ವಿಷಯ ಕೂಡಿಸಿ, ಅಮೀರಬಾಯಿಯವರ ಬಾಳಿನ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರೆದರು. ಓದು ಇನ್ನಷ್ಟು ರೂಢಿಯಾದ ಮೇಲೆ ನಾವೂ ಅದನ್ನು ಓದಬಹುದು. ಅವರ ಹಾಡುಗಳು ಈಗ ಮೊಬೈಲಿನಲ್ಲಿ ಸಿಗುತ್ತವೆ. ಮಕ್ಕಳಿಗೆ ಹೇಳಿ, ಹಚ್ಚಿ ಕೊಡುತ್ತಾರೆ.

ನಾವು ಏನು ಮಾಡಬಹುದು?

ಅಮೀರಬಾಯಿಯವರ ದನಿ ತಟ್ಟೆಯಲ್ಲಿ ಉಳಿಯಿತು. ಹೆಸರು ಪುಸ್ತಕದಲ್ಲಿ ಉಳಿಯಿತು. ನಮ್ಮ ಊರಲ್ಲೂ ಹಾಡುವವರು ಇದ್ದಾರೆ. ರಾತ್ರಿಯೆಲ್ಲ ಪದ ಹೇಳಿದರೂ ಮುಗಿಯದಷ್ಟು ಹಾಡು ಬಲ್ಲ ಅಜ್ಜಿಯರು ಇದ್ದಾರೆ. ಅವರ ಹಾಡನ್ನು ಯಾರೂ ತಟ್ಟೆಯಲ್ಲಿ ಹಿಡಿಯಲಿಲ್ಲ. ಅವರು ಹೋದರೆ ಹಾಡೂ ಹೋಗುತ್ತದೆ.

ಈಗ ನಮಗೆ ಅಕ್ಷರ ಬಂದಿದೆ. ಒಂದು ನೋಟುಬುಕ್ಕು, ಒಂದು ಪೆನ್ನು ಸಾಕು. ಅಜ್ಜಿ ಹೇಳಲಿ, ನಾವು ಬರೆಯೋಣ. ತಪ್ಪಾದರೆ ತಿದ್ದಿಕೊಳ್ಳೋಣ. ಹಾಡಿನ ಕೆಳಗೆ ಹಾಡಿದವರ ಹೆಸರು, ಊರು ಬರೆಯುವುದನ್ನು ಮರೆಯಬಾರದು.

ಕೂಡಿ ಮಾತಾಡೋಣ

1. ನಿಮ್ಮ ಊರಲ್ಲಿ ಚೆನ್ನಾಗಿ ಹಾಡುವ ಹೆಣ್ಣುಮಕ್ಕಳು ಯಾರು? ಅವರ ಹೆಸರು ಬರೆಯಿರಿ.
2. ಹಾಡುವ, ನಾಟಕ ಮಾಡುವ ಹೆಂಗಸರ ಬಗ್ಗೆ ಈಗಲೂ ಜನ ಕೆಟ್ಟ ಮಾತಾಡುತ್ತಾರೆಯೇ? ಅದು ಸರಿಯೇ?
3. ನಿಮ್ಮ ದುಡಿಮೆಯ ಲೆಕ್ಕ ಯಾವ ಯಾವ ಕಾಗದದಲ್ಲಿ ಇದೆ? ಅದರಲ್ಲಿ ನಿಮ್ಮ ಹೆಸರು ಇದೆಯೇ? ಓದಿ ನೋಡಿ.
4. ನಿಮಗೆ ಬರುವ ಒಂದು ಬೀಸುವ ಪದವನ್ನು ನೋಟುಬುಕ್ಕಿನಲ್ಲಿ ಬರೆದು, ಮುಂದಿನ ಸಲ ಕೂಡಿದಾಗ ಓದಿ ಹೇಳಿ.

ಪದಗಳ ಅರ್ಥ

ಕವ್ವಾಲಿ: ಹಲವರು ಕೂಡಿ ಚಪ್ಪಾಳೆ ತಟ್ಟುತ್ತ ಹಾಡುವ ಒಂದು ಬಗೆಯ ಹಾಡು
ಮೂಕಿ: ಮಾತು ಇಲ್ಲದ ಸಿನಿಮಾ
ಹಿನ್ನೆಲೆ ಗಾಯನ: ಪರದೆಯ ಹಿಂದೆ ಇದ್ದು, ನಟ ನಟಿಯರಿಗಾಗಿ ಹಾಡುವುದು
ಉತಾರ: ಹೊಲ ಯಾರದು ಎಂದು ತಿಳಿಸುವ ಸರ್ಕಾರಿ ಕಾಗದ
ಸಂಪಾದಕರು: ಪತ್ರಿಕೆಯ ಬರಹಗಳನ್ನು ಆರಿಸಿ ತಿದ್ದುವವರು